ಅಳಿವೆಯಲ್ಲಿ ಮಕ್ಕಳೊಡನೆ ಒಂದು ದಿನ

ಮೀನೆಂದರೆ ನಮ್ಮ ಒಳನಾಡಿನ ಮಕ್ಕಳಿಗೆ ಬೆಳಿಗ್ಗೆ ಹಾರ್ನ್ ಬಾರಿಸುತ್ತ ಬರುವ ಸ್ಕೂಟರಿನ ಪೆಟ್ಟಿಗೆಯೊಳಗಿನ ವಸ್ತು. ಬದಿಯಡ್ಕ, ಪೆರ್ಲಗಳ ಕಡೆಯಿಂದ ಕಡಲು ಬಹಳ ದೂರವೇನಲ್ಲ. ಆದರೂ ತೋಟದ ಕೆಲಸ, ಶಾಲೆ, ಮದುವೆ ಮುಂಜಿಗಳ ನಡುವೆ ಮಕ್ಕಳನ್ನು ಕಡಲ ಕರೆಗೆ ಕರೆದೊಯ್ದು ಒಂದು ಹೊತ್ತು ಕುಳಿತಿರುವವರು ನಮ್ಮಲ್ಲಿ ಕಡಿಮೆ. ಒಮ್ಮೆ ತರಗತಿಯಲ್ಲಿ, ‘ನಮ್ಮ ತೋಡಿನ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿದೆ. ಹುಡುಗನೊಬ್ಬ ಎದ್ದು ನಿಂತು, ‘ನಮ್ಮ ತೋಟಕ್ಕೆ’ ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ನನ್ನ ಮಕ್ಕಳನ್ನು ಅದೇ ಪ್ರಶ್ನೆ ಕೇಳಿದಾಗ ಅವರ ಉತ್ತರವೂ ಇದಕ್ಕಿಂತ ಮೇಲಾಗಿರಲಿಲ್ಲ.

ಆದ್ದರಿಂದ ಡಿಸೆಂಬರ್ ರಜೆಯಲ್ಲಿ, ತೋಡಿಗೆ ಕಟ್ಟ ಕಟ್ಟುವ ಕೆಲಸ ಮುಗಿದ ಮೇಲೆ, ಒಂದು ದಿನ ಎಲ್ಲರೂ ಕೂಡಿ ಗಾಳ ಹಾಕಲು ಹೋಗುವುದೆಂದು ನಿಶ್ಚಯಿಸಿದೆವು. ನಾನು, ಮನೆಯಾಕೆ, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ. ಹೋದದ್ದು ಕುಂಬಳೆಯ ಉತ್ತರಕ್ಕೆ, ಶಿರಿಯ ಹೊಳೆ ಕಡಲು ಸೇರುವ ಅಳಿವೆಗೆ. ನಮ್ಮ ತೋಡು ಸೇರುವುದು ಈ ಹೊಳೆಯನ್ನೇ. ಅಲ್ಲಿ ನನಗೆ ಪರಿಚಿತರಾದ ಹಿರಿಯ ಮೀನುಗಾರರೊಬ್ಬರಿದ್ದಾರೆ. ಅವರ ಮೊಮ್ಮಗಳು ಒಂದು ಕಾಲದಲ್ಲಿ ನನ್ನ ಶಿಷ್ಯೆ. ಮನೆಯಲ್ಲಿ ಮಲೆಯಾಳ, ಪೇಟೆಯಲ್ಲಿ ತುಳು, ನಮ್ಮಂಥವರೊಡನೆ ಕನ್ನಡ ಆಡುವವರು. ಪ್ರಾಯವಾದ ಮೇಲೆ ದೋಣಿ ಏರುವುದನ್ನು ಬಿಟ್ಟಿದ್ದಾರೆ, ಗಾಳವನ್ನು ಬಿಟ್ಟಿಲ್ಲ.

ದಿನವನ್ನು ಗೊತ್ತುಪಡಿಸಿದವರೂ ಅವರೇ. ‘ಮಾಷ್ಟ್ರೇ, ರಜೆ ನೋಡಿ ಬರಬೇಡಿ, ತಿಥಿ ನೋಡಿ ಬನ್ನಿ’ ಎಂದರು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಎಂಬುದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಚಂದ್ರನು ದಿನದಿನಕ್ಕೆ ತಡವಾಗಿ ಮೂಡುವಂತೆ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಪಂಚಾಂಗ ನೋಡಿ ಬಿತ್ತನೆ ಮಾಡುವ ಮನೆಯವರಿಗೆ ಈ ಲೆಕ್ಕ ಕಷ್ಟವಲ್ಲ. ನಾವು ಹೋದದ್ದು ದ್ವಾದಶಿಯಂದು. ಬೆಳಿಗ್ಗೆ ಎಂಟೂವರೆಯ ತನಕ ನೀರು ಏರುತ್ತದೆ, ಅಷ್ಟರೊಳಗೆ ಮಕ್ಕಳ ಆಟ ಮುಗಿಯಬೇಕು ಎಂಬುದು ಅಜ್ಜನ ಅಪ್ಪಣೆಯಾಗಿತ್ತು.

ಬೆಳಕು ಹರಿಯುವ ಹೊತ್ತಿಗೆ ಅಳಿವೆಯ ಒಳಬದಿಯ ಮರಳ ದಂಡೆಯನ್ನು ಸೇರಿದೆವು. ಮಕ್ಕಳಿಗೆ ಗಾಳ ಹಾಕಲು ತೆರೆ ಹೊಡೆಯುವ ಕಡಲಿನ ಎದುರಿಗಿಂತ ಹೊಳೆಯ ಈ ಒಳಬದಿಯೇ ಲೇಸು. ನೀರು ಶಾಂತ, ಮೀನೂ ಸಣ್ಣದು. ಸಲಕರಣೆಯೂ ಹೆಚ್ಚು ಬೇಡ. ತೆಳ್ಳನೆಯ ಬಿದಿರ ಕೋಲು, ಕೋಲಿನಷ್ಟೇ ಉದ್ದದ ನೈಲಾನ್ ದಾರ, ಒಂದು ಬೆಂಡು, ಸಣ್ಣ ಗಾಳ. ಗಾಳದ ತುದಿಯಲ್ಲಿರುವ ಹಿಮ್ಮುಳ್ಳನ್ನು ಅಜ್ಜ ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿದರು. ಹೀಗೆ ಮಾಡಿದರೆ ನಾಲ್ಕು ಮೀನು ತಪ್ಪಿಸಿಕೊಳ್ಳಬಹುದು. ಆದರೆ ಮಗುವಿನ ಬೆರಳಿಗೆ ಚುಚ್ಚಿದರೆ ಸುಲಭವಾಗಿ ಬಿಡಿಸಬಹುದು, ಬಿಟ್ಟುಬಿಡಬೇಕಾದ ಮೀನಿಗೂ ಗಾಯ ಕಡಿಮೆ. ಎರೆಗೆ ಸಣ್ಣ ಸಿಗಡಿ ಮತ್ತು ನಮ್ಮ ತೋಟದಿಂದ ತಂದ ಎರೆಹುಳು.

ಇನ್ನೊಂದು ಮಾತನ್ನು ಅಜ್ಜ ಮೊದಲೇ ಹೇಳಿದ್ದರು. ಒಂದು ಮಗುವಿಗೆ ಒಬ್ಬ ದೊಡ್ಡವರು. ಆ ದೊಡ್ಡವರ ಕೈಯಲ್ಲಿ ಗಾಳವಿರಕೂಡದು. ಕಿರಿಯವನ ನಡುವಿಗೆ ಬೈರಾಸು ಕಟ್ಟಿ, ಅದರ ತುದಿಯನ್ನು ತಾಯಿ ಹಿಡಿದುಕೊಳ್ಳಬೇಕು. ಆಕೆ, ‘ಕರುವನ್ನು ಕಟ್ಟಿದ ಹಾಗಾಯಿತಲ್ಲ’ ಎಂದು ನಕ್ಕಳು, ಆದರೂ ಕಟ್ಟಿದಳು.

ಮೊದಲ ಅರ್ಧ ಗಂಟೆ ಏನೂ ಸಿಗಲಿಲ್ಲ. ತರಗತಿಯಲ್ಲಿ ಐದು ನಿಮಿಷ ಸುಮ್ಮನಿರದ ಮಗಳು ಬೆಂಡಿನ ಮೇಲೆ ಕಣ್ಣಿಟ್ಟು ಕುಳಿತಳು. ಬೆಂಡು ಒಮ್ಮೆ ನಡುಗಿತು, ಮುಳುಗಿತು. ಅವಳು ಎತ್ತಿದಾಗ ಬೆಳ್ಳಗೆ ಹೊಳೆಯುವ ಒಂದು ಕಾಣೆ! ಅನಂತರ ಮಗನಿಗೊಂದು ಅಂಗೈಯಗಲದ ಕರಿಮೀನು ಸಿಕ್ಕಿತು. 2010ರಲ್ಲಿ ಕೇರಳದ ರಾಜ್ಯಮೀನೆಂದು ಸಾರಲಾದುದು ಇದನ್ನೇ. ಈ ಮೀನಿನ ಗಂಡು ಹೆಣ್ಣು ಎರಡೂ ಜೊತೆಯಾಗಿ ಮೊಟ್ಟೆ ಮರಿಗಳನ್ನು ಕಾಯುತ್ತವೆ ಎಂದು ನಾನು ಹೇಳಿದಾಗ, ಮಗನು ತನ್ನ ಮೀನನ್ನೇ ನೋಡುತ್ತ, ‘ಇದರ ಮರಿಗಳು ಎಲ್ಲಿವೆ ಅಪ್ಪ?’ ಎಂದ. ನನಗೆ ಉತ್ತರ ತೋಚಲಿಲ್ಲ. ಆ ಮೀನನ್ನು ನೀರಿಗೆ ಬಿಟ್ಟೆವು.

ಶಾಲೆಯ ಅಡಿಗೋಲನ್ನು ನಾನು ಜೊತೆಗೆ ಒಯ್ದಿದ್ದೆ. ಮಕ್ಕಳು ಸಿಕ್ಕಿದ್ದನ್ನು ಅಳೆದು, ಸಣ್ಣದನ್ನು ಬಿಡುವುದನ್ನು ಒಂದು ಆಟ ಮಾಡಿಕೊಂಡರು. ಇದು ಕೇವಲ ಆಟವಲ್ಲ. ಬೂತಾಯಿಯಾದರೆ 10 ಸೆಂಟಿಮೀಟರ್, ಬಂಗುಡೆಯಾದರೆ 14 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯಕೂಡದೆಂದು ಕೇರಳ ಸರಕಾರ 2015ರಲ್ಲಿ ನಿಯಮ ಮಾಡಿತು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಮೂರು ಸಾವಿರದ ಮುನ್ನೂರು ಟನ್ನಿಗೆ ಇಳಿದಿತ್ತು. ಕಡಲಿನ ಬಿಸಿಯ ಏರುಪೇರೂ ಮರಿಮೀನಿನ ಬೇಟೆಯೂ ಇದಕ್ಕೆ ಕಾರಣವೆಂದು ಬಲ್ಲವರು ಹೇಳುತ್ತಾರೆ. ಮುಂದೆ ಅದು ಮತ್ತೆ ಹೆಚ್ಚಿತೆಂಬುದು ಸಮಾಧಾನ. ಹಿಂದೆ ಬೂತಾಯಿಯನ್ನು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರೆಂಬ ಹಿರಿಯರ ಮಾತನ್ನು ಕೇಳಿದ ನಮಗೆ, ಅದಕ್ಕೂ ಬರಗಾಲ ಬರಬಹುದೆಂಬುದು ತಿಳಿದಿರಲಿಲ್ಲ.

ಎಂಟೂವರೆ ಕಳೆಯಿತು. ‘ಇನ್ನು ಎದ್ದೇಳಿ’ ಎಂದರು ಅಜ್ಜ. ‘ಇನ್ನೊಂದೇ ಮೀನು’ ಎಂಬ ಮಕ್ಕಳ ಮಾತಿಗೆ ನಾನು ಸೋತೆ. ತಪ್ಪು ನನ್ನದೇ. ನೀರು ಇಳಿಯತೊಡಗಿತ್ತು. ಅಳಿವೆಯಲ್ಲಿ ಇಳಿತವೆಂದರೆ ಹೊಳೆಯ ನೀರೂ ಒಳಬಂದಿದ್ದ ಕಡಲಿನ ನೀರೂ ಇಕ್ಕಟ್ಟಾದ ಬಾಯಿಯ ಮೂಲಕ ಒಟ್ಟಿಗೆ ಹೊರಗೆ ನುಗ್ಗುವುದು. ಮೇಲೆ ನೋಡಿದರೆ ಏನೂ ಕಾಣಿಸದು. ಮಗನ ಬೆಂಡು ತೇಲಿ ಸಾಗಿತು. ಅದರ ಹಿಂದೆ ಅವನು ಎರಡು ಹೆಜ್ಜೆ ಇಟ್ಟ. ಕಾಲಡಿಯ ಮರಳು ಜರಿಯಿತು. ಮೊಣಕಾಲಿನ ಮಟ್ಟದ ನೀರು ಕ್ಷಣದಲ್ಲಿ ಎದೆಯ ಮಟ್ಟಕ್ಕೆ ಬಂತು. ಬೈರಾಸಿನ ತುದಿ ತಾಯಿಯ ಕೈಯಲ್ಲಿದ್ದುದರಿಂದ ಅವನು ಉಳಿದ. ಕೋಲು ಕಡಲಿಗೆ ಹೋಯಿತು. ಆಕೆ ನನಗೆ ಒಂದು ಮಾತನ್ನೂ ಹೇಳಲಿಲ್ಲ. ಹೇಳಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ತೆಂಗಿನ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಹುಡುಗನ ನಡುಕ ನಿಂತ ಮೇಲೆ ಅವನು ಕೇಳಿದ: ‘ಅಪ್ಪ, ನನ್ನನ್ನು ಎಳೆದದ್ದು ನಮ್ಮ ತೋಡಿನ ನೀರಾ?’

‘ಹೌದು ಮಗಾ, ಅದೂ ಸೇರಿದೆ’ ಎಂದೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಷ್ಟ್ರೇ, ನಿಮ್ಮಲ್ಲಿ ಕೇಳಬೇಕೆಂದಿದ್ದೆ. ಮಳೆಗಾಲದಲ್ಲಿ ಕೆಲವು ಸಲ ಇಲ್ಲಿ ಮರಿಮೀನು ಸತ್ತು ತೇಲುವುದುಂಟು. ಮೇಲಿನವರು ನೀವು ಏನಾದರೂ ನೀರಿಗೆ ಬಿಡುತ್ತೀರೋ?’ ಎಂದರು.

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆದರೆ ನಾನು ತಲೆ ತಗ್ಗಿಸಬೇಕಾಯಿತು. ಅಡಿಕೆಗೆ ಕೊಳೆರೋಗದ ಮದ್ದು ಬಿಟ್ಟ ದಿನ ಮಿಕ್ಕ ದ್ರಾವಣವನ್ನು ಚೆಲ್ಲಿ, ಪಂಪು ಡ್ರಮ್ಮುಗಳನ್ನು ತೊಳೆಯುತ್ತಿದ್ದುದು ತೋಡಿನಲ್ಲೇ. ನಮ್ಮ ತಂದೆಯವರ ಕಾಲದಿಂದಲೂ ಹಾಗೆಯೇ. ಮಾರನೆಯ ದಿನ ತೋಡಿನಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದುದನ್ನು ನಾನು ಕಂಡದ್ದುಂಟು. ಮಳೆನೀರಿನ ಕೆಸರಿನಿಂದ ಸತ್ತಿರಬೇಕೆಂದುಕೊಂಡಿದ್ದೆ. ಅಳಿವೆಯ ಮೀನು ನಮ್ಮ ಮದ್ದಿನಿಂದಲೇ ಸತ್ತಿತೆಂದು ನಾನು ಹೇಳಲಾರೆ. ತೋಡಿನ ಮೀನಿನ ವಿಷಯದಲ್ಲಿ ಮಾತ್ರ ನನಗೆ ಸಂದೇಹ ಉಳಿದಿಲ್ಲ.

ಲೆಕ್ಕ ನೋಡಿರಿ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ತಾಮ್ರ ಕಾಲು ಪಾಲು. ಅಂದರೆ ಮಿಕ್ಕ ಒಂದೊಂದು ಲೀಟರಿನಲ್ಲಿ ಸುಮಾರು ಎರಡೂವರೆ ಗ್ರಾಂ. ನಮ್ಮ ಕಡೆಯ ಮೆದು ನೀರಿನಲ್ಲಿ ಕರಗಿದ ತಾಮ್ರ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಕಡಿಮೆ ಇದ್ದರೂ ಮರಿಮೀನಿಗೆ ಮಾರಕವಾಗಬಹುದು. ಸುಣ್ಣ ಸೇರಿದುದರಿಂದ ತಾಮ್ರದ ಹೆಚ್ಚಿನ ಭಾಗ ಕೂಡಲೇ ಕರಗುವುದಿಲ್ಲವೆಂಬುದು ನಿಜ. ಸುಣ್ಣ ಕಡಿಮೆಯಾದರೆ ಆ ರಕ್ಷಣೆಯೂ ಇಲ್ಲ.

ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಕಥೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್ಡೋ ದ್ರಾವಣ ಅಂಥದಲ್ಲ. ಅದಿಲ್ಲದೆ ಮಳೆಗಾಲದಲ್ಲಿ ಅಡಿಕೆ ಉಳಿಯುವುದೂ ಕಷ್ಟ. ಆದರೆ ಮೇಲಿನಿಂದ ಸುರಿದವರನ್ನು ದೂರುವ ನಾವು, ಕೆಳಗಿನವರ ಪಾಲಿಗೆ ಮೇಲಿನವರೇ ಎಂಬುದು ಅಂದು ನನಗೆ ಹೊಳೆಯಿತು.

ಮುಂದಿನ ಮಳೆಗಾಲದಿಂದ ನಾವು ಮಾಡಿದ್ದು ಇಷ್ಟು. ಮರಗಳನ್ನು ಎಣಿಸಿ, ಬೇಕಾದಷ್ಟೇ ಮದ್ದು ಕೂಡಿಸುವುದು. ಹೊಳಪಿನ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಇನ್ನಷ್ಟು ಸುಣ್ಣದ ನೀರು ಸೇರಿಸುವುದು. ಮಿಕ್ಕುದನ್ನು ಮತ್ತೆ ಮರಕ್ಕೇ ಬಿಡುವುದು. ಪಂಪು ಡ್ರಮ್ಮುಗಳನ್ನು ತೋಡು, ಬಾವಿ, ಸುರಂಗ ಮೂರರಿಂದಲೂ ದೂರದ ಗುಂಡಿಯ ಬಳಿ ತೊಳೆಯುವುದು. ಇದಕ್ಕೆ ತಗಲಿದ ವೆಚ್ಚ ಗುಂಡಿ ತೋಡಿದ ಅರ್ಧ ದಿನದ ಕೆಲಸ ಮಾತ್ರ. ಮದ್ದು ಬಿಡುವವರು ಹಳೆಯ ಅಭ್ಯಾಸದಂತೆ ಡ್ರಮ್ಮನ್ನು ತೋಡಿಗೆ ಇಳಿಸಲು ಹೋದಾಗ ಮಗಳು ಅಡ್ಡ ನಿಂತು, ‘ಬೇಡಿ ಮಾಮ, ಅದು ಅಜ್ಜನ ಅಳಿವೆಗೆ ಹೋಗುತ್ತದೆ’ ಎಂದಳು. ನಾನು ಹತ್ತು ಸಲ ಹೇಳಿದ್ದರೂ ಅವರು ಅಷ್ಟು ಬೇಗ ಕೇಳುತ್ತಿರಲಿಲ್ಲ.

ಮಕ್ಕಳೊಡನೆ ಹೋಗಬಯಸುವ ಓದುಗರಿಗೆ ಇನ್ನೆರಡು ಸೂಚನೆಗಳು. ತೇಡೆ ಮೀನು ಸಿಕ್ಕಿದರೆ ಬರಿಗೈಯಿಂದ ಮುಟ್ಟಬೇಡಿರಿ. ಅದರ ಮುಳ್ಳು ಚುಚ್ಚಿದರೆ ತಾಳುವಷ್ಟು ಬಿಸಿ ನೀರಿನಲ್ಲಿ ಗಾಯವನ್ನು ಮುಳುಗಿಸಿ, ವೈದ್ಯರಲ್ಲಿಗೆ ಹೋಗಿರಿ. ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸುವ ಮೀನನ್ನು ಎಷ್ಟು ಮಾತ್ರಕ್ಕೂ ತಿನ್ನಬಾರದು, ಅದು ವಿಷ. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಇಳಿಯತೊಡಗಿದ ಮೇಲೆ ಅಳಿವೆಯಲ್ಲಿ ನಿಲ್ಲಬೇಡಿರಿ. ಅಲ್ಲಿಯವರು ‘ಏಳಿ’ ಎಂದರೆ ಎದ್ದುಬಿಡಿರಿ.

ಅಂದು ನಾವು ಮನೆಗೆ ತಂದದ್ದು ಐದು ಕಾಣೆ. ತೆಂಗಿನಕಾಯಿ ಅರೆದು ಮಾಡಿದ ಸಾರು ನಾಲ್ವರಿಗೆ ಸಾಲದಾಯಿತು. ಊಟ ಮುಗಿಸಿದ ಮಗ ತೋಡಿನ ಕಟ್ಟದ ಮೇಲೆ ನಿಂತು, ಒಂದು ಹಾಳೆಯ ತುಂಡನ್ನು ನೀರಿಗೆ ಬಿಟ್ಟು, ಅದು ಕಟ್ಟವನ್ನು ದಾಟಿ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಿದ್ದ.