ಗಿರಾಕಿ ಎಡವುವುದೆಲ್ಲಿ?

ಅಜೆಕಾರು ಪೇಟೆಯ ಅಂಗಡಿಯೊಂದಕ್ಕೆ ಬಂದ ಹೊಸಬ ಬೇಕಾದದ್ದು ಸಿಗದೆ ಸುಮ್ಮನೆ ಮರಳಿದರೆ, ಕಾರಣ ಅಂಗಡಿಯವರಿಗೆ ತಿಳಿಯುವುದೇ ಇಲ್ಲ. ಆನ್‌ಲೈನ್ ವಿಡಿಯೋ ಗೇಮ್ ತಯಾರಕರಿಗಾದರೋ ಅದು ತಿಳಿಯುತ್ತದೆ. ಆಟಗಾರ ಯಾವ ಹಂತದಲ್ಲಿ ಸೋತ, ಎಲ್ಲಿ ಆಟ ಬಿಟ್ಟ ಎಂಬುದು ಅವರ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಅದನ್ನು ನೋಡಿ ಆ ಹಂತವನ್ನೇ ತಿದ್ದುತ್ತಾರೆ.

ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪೆನಿ 2010ರಲ್ಲಿ ಹೊರತಂದ ‘ಫೈನಲ್ ಫ್ಯಾಂಟಸಿ 14’ ಆಟವನ್ನು ಆಟಗಾರರು ಮೆಚ್ಚಲಿಲ್ಲ. ಕಂಪೆನಿ ಕ್ಷಮೆ ಕೇಳಿತು. ಕೆಲಕಾಲ ಮಾಸಿಕ ಶುಲ್ಕವನ್ನೂ ಕೈಬಿಟ್ಟಿತು. 2012ರಲ್ಲಿ ಆಟವನ್ನೇ ನಿಲ್ಲಿಸಿ, ಹೊಸದಾಗಿ ಕಟ್ಟಿ 2013ರಲ್ಲಿ ಮತ್ತೆ ತಂದಿತು. ಬಿಟ್ಟುಹೋದವರು ಮರಳಿದರು.

ಈ ಪಾಠ ಉಡುಪಿಗೆ ಹೊಸತಲ್ಲ. 1925ರಲ್ಲಿ ಇಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಬಡವರಿಗೆ ಬ್ಯಾಂಕಿನ ಮೆಟ್ಟಿಲೇ ಅಡ್ಡಿಯೆಂದು ಅರಿತು, ಏಜೆಂಟರೇ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಪಡೆದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದರೂ ‘ಪಿಗ್ಮಿ’ ಎಂಬ ಮಾತು ಜನರ ಬಾಯಲ್ಲಿ ಉಳಿದಿದೆ.

ಆಟಗಳಿಂದ ಕಲಿಯಬಾರದ್ದೂ ಉಂಟು. ಗೀಳು ಹಿಡಿಸಿ ಕಾಸು ಕೀಳುವುದು ಸೇವೆಯಲ್ಲ. ಸಣ್ಣ ಅಂಗಡಿಗೆ ಕಂಪ್ಯೂಟರಿನ ದಾಖಲೆಯೂ ಬೇಕಿಲ್ಲ. ಬರಿಗೈಯಲ್ಲಿ ಹೊರಟವರನ್ನು ‘ಏನು ಬೇಕಿತ್ತು?’ ಎಂದು ಕೇಳಿದರೆ ಸಾಕು.