ಶಶಿ ಕಪೂರ್ ‘ಸಿದ್ಧಾರ್ಥ’ನ ಹಿಂದೆ ಒಬ್ಬ ಅಜ್ಜಿ, ಒಬ್ಬ ಅವ್ವ!

ಅಫಜಲಪುರದಿಂದ ಜೇವರ್ಗಿಗೆ ಬರುವ ಬಸ್ಸಿನಲ್ಲಿ ನನಗೂ ಆಳಂದದ ಗೆಳೆಯನಿಗೂ ವಾದ ಬಿತ್ತು. ವಿಷಯ ಶಶಿ ಕಪೂರನ ‘ಸಿದ್ಧಾರ್ಥ’.

‘ಅದು ಬುದ್ಧನ ಪಿಕ್ಚರ್ ಅಲ್ಲೇನಪಾ?’

‘ಅಲ್ಲೋ! ಬುದ್ಧನ ಕಾಲದ ಒಬ್ಬ ಬ್ರಾಹ್ಮಣರ ಹುಡುಗಂದು. ಕಾದಂಬರಿ ಬರದಾಂವ ಜರ್ಮನಿಯ ಹರ್ಮನ್ ಹೆಸ್ಸೆ.’

‘ಜರ್ಮನಿಯಾಂವಗ ನಮ್ಮ ಹೊಳಿ, ನಮ್ಮ ಅಂಬಿಗ ಹ್ಯಾಂಗ ಗೊತ್ತಾದ್ರು?’

ಒಳ್ಳೇ ಪ್ರಶ್ನೆ! ಗೆಳೆಯರೇ, ಅದಕ್ಕೆ ಉತ್ತರ ಒಬ್ಬ ಅಜ್ಜಿಯ ಕಥೆ.

ಜೂಲಿ ದ್ಯುಬುವಾ ಸ್ವಿಟ್ಜರ್ಲೆಂಡಿನ ಹೆಣ್ಣುಮಗಳು, ಮನೆಮಾತು ಫ್ರೆಂಚ್. 1836ರಲ್ಲಿ ಮಿಷನರಿ ತಂಡದೊಂದಿಗೆ ಹಡಗು ಹತ್ತಿ ಭಾರತಕ್ಕೆ ಬಂದಳು. ಅದೇ ತಂಡದಲ್ಲಿ ಜರ್ಮನಿಯ ಹರ್ಮನ್ ಗುಂಡರ್ಟ್ ಇದ್ದ. 1838ರಲ್ಲಿ ಇಬ್ಬರ ಮದುವೆ. ಮರುವರ್ಷ ತಲಚೇರಿಯಲ್ಲಿ ಸಂಸಾರ ಹೂಡಿದರು. ಗಂಡ ಬಾಸೆಲ್ ಮಿಷನ್ನಿನಲ್ಲಿದ್ದು ಮಲಯಾಳಂ ನಿಘಂಟಿಗೆ ದುಡಿದ. ಹೆಂಡತಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದಳು. ನಮ್ಮ ಕಿಟೆಲ್ ಸಾಹೇಬರ ಕನ್ನಡ ನಿಘಂಟೂ (1894) ಅದೇ ಮಿಷನ್ನಿನ ಫಲ.

1842ರಲ್ಲಿ ಮಗಳು ಮೇರಿ ಹುಟ್ಟಿದಳು. ಎಳೆಯ ವಯಸ್ಸಿನಲ್ಲೇ ಅವಳನ್ನು ಓದಲು ಯುರೋಪಿನಲ್ಲಿ ಬಿಟ್ಟು ಬಂದರು. ಹದಿನೈದು ತುಂಬಿದಾಗ, 1857ರಲ್ಲಿ, ಅಪ್ಪ–ಅವ್ವನ ಹತ್ತಿರ ಮರಳಿ ಹೊರಟಳು. ಇಲ್ಲಿಂದ ನೋಡಿ, ಅಪ್ಪಟ ಸಿನಿಮಾ! ಹಡಗಿನಲ್ಲಿ ಒಬ್ಬ ಇಂಗ್ಲಿಷ್ ಯುವಕ. ಸುತ್ತ ನೀಲಿ ಸಮುದ್ರ. ಪ್ರೇಮ!

ಕ್ಲೈಮ್ಯಾಕ್ಸ್? ಅಪ್ಪ ಒಪ್ಪಲಿಲ್ಲ. ಗುಂಡರ್ಟ್ ಆಗ ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್ಸ್‌ಪೆಕ್ಟರ್. ಮೇರಿ ಕಣ್ಣೀರು ನುಂಗಿ ಮಿಷನ್ ಕೆಲಸಕ್ಕೆ ನಿಂತಳು. 1865ರಲ್ಲಿ ಮಿಷನರಿ ಚಾರ್ಲ್ಸ್ ಐಸೆನ್‌ಬರ್ಗ್ ಜೊತೆ ಮದುವೆಯಾಯಿತು. ಐದೇ ವರ್ಷಕ್ಕೆ ಗಂಡ ತೀರಿಕೊಂಡ. ಮಡಿಲಲ್ಲಿ ಇಬ್ಬರು ಗಂಡುಮಕ್ಕಳು.

ಆಗ ಬಂದವನು ಯೊಹಾನೆಸ್ ಹೆಸ್ಸೆ. ನಮ್ಮ ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು 1873ರಲ್ಲಿ ಯುರೋಪಿಗೆ ಮರಳಿದವನು. ಜರ್ಮನಿಯ ಕಾಲ್ವ್ ಊರಿನಲ್ಲಿ ಗುಂಡರ್ಟನಿಗೆ ಸಹಾಯಕನಾದ. ಮೇರಿಗಿಂತ ಐದು ವರ್ಷ ಚಿಕ್ಕವನು. ಆದರೇನು? 1874ರಲ್ಲಿ ಮದುವೆ ನಡೆಯಿತು. 1877ರಲ್ಲಿ ಹುಟ್ಟಿದವನೇ ನಮ್ಮ ಹೆಸ್ಸೆ!

ಅಜ್ಜ, ಅಜ್ಜಿ, ಅಪ್ಪ, ಅವ್ವ ನಾಲ್ವರೂ ಭಾರತದ ನೀರು ಕುಡಿದವರು. ಆ ಮನೆಯಲ್ಲಿ ಬೆಳೆದ ಹುಡುಗ ಅವ್ವನ ಹಾಗೆ ತಲೆ ಬಾಗಿಸಲಿಲ್ಲ. 1892ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಪಾದ್ರಿಗಳ ಶಾಲೆಯಿಂದ ಓಡಿಹೋದ. 1911ರಲ್ಲಿ ಪೂರ್ವಕ್ಕೆ ಹಡಗು ಹತ್ತಿದ. ಸಿಲೋನ್, ಸುಮಾತ್ರಾ ನೋಡಿದ. ಅವ್ವ ಹುಟ್ಟಿದ ನೆಲ ಮಾತ್ರ ಮುಟ್ಟದೆ ಹಿಂತಿರುಗಿದ. ಕಾಲಿಡದ ದೇಶವನ್ನು 1922ರಲ್ಲಿ ‘ಸಿದ್ಧಾರ್ಥ’ದಲ್ಲಿ ಬರೆದ. ಅಪ್ಪನ ಮನೆ ಬಿಟ್ಟು ಹೊರಡುವ ಮಗನ ಕಥೆ ಅದು. 1946ರಲ್ಲಿ ನೊಬೆಲ್ ಬಂತು.

ಅಮೆರಿಕದ ಕಾನ್ರಾಡ್ ರೂಕ್ಸ್ 1972ರಲ್ಲಿ ಅದನ್ನು ತೆರೆಗೆ ತಂದ. ಶಶಿ ಕಪೂರ್ ನಾಯಕ, ಸಿಮಿ ಗರೆವಾಲ್ ಕಮಲಾ, ಅಂಬಿಗ ವಾಸುದೇವನಾಗಿ ಜುಲ್ ವೆಲ್ಲಾನಿ. ಬರ್ಗ್‌ಮನ್‌ನ ಕ್ಯಾಮರಾಮನ್ ಸ್ವೆನ್ ನಿಕ್ವಿಸ್ಟ್ ಛಾಯಾಗ್ರಹಣ, ಹೇಮಂತ್ ಕುಮಾರ್ ಸಂಗೀತ. ಹೆಸ್ಸೆ ನೋಡಲಿಲ್ಲ, 1962ರಲ್ಲೇ ತೀರಿದ್ದ. ಅಜ್ಜನ ನಿಘಂಟು ಅಚ್ಚಾದದ್ದು 1872. ಸರಿಯಾಗಿ ನೂರು ವರ್ಷಕ್ಕೆ ಮೊಮ್ಮಗನ ಪಿಕ್ಚರ್!

ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಅವನ ಮದುವೆಯ ಮಾತಿಗೂ ಮನೆಯಲ್ಲಿ ಅಪ್ಪ ‘ಬ್ಯಾಡ’ ಅಂದಿದ್ದಾನೆ, ನನಗೆ ಗೊತ್ತು. ಆಳಂದದ ಅಮರ್ಜಾ ಗಾಣಗಾಪುರದಲ್ಲಿ ಭೀಮೆಗೆ ಸೇರಿ ನಮ್ಮೂರ ಕಡೆ ಹರಿಯುತ್ತದೆ. ಹೊಳೆ ಮಾತಾಡ್ತದೆ, ಕಿವಿಗೊಟ್ಟು ಕೇಳು ಅನ್ನುವವನು ಆ ಚಿತ್ರದ ಅಂಬಿಗ.

ಜೇವರ್ಗಿಯಲ್ಲಿ ಇಳಿಯುವಾಗ ಗೆಳೆಯ ಕೇಳಿದ್ದು ಒಂದೇ ಮಾತು:

‘ಆ ಇಂಗ್ಲಿಷ್ ಹುಡುಗಂದು ಮುಂದ ಏನಾತು?’

ನನ್ನ ಹತ್ತಿರ ಉತ್ತರ ಇರಲಿಲ್ಲ.