ಮೈಸೂರಿನ ಮೇಯರ್ ಯಾರು ಎಂದು ಕೇಳಿದಾಗ

ಸರಸ್ವತಿಪುರಂನ ಒಂದು ರೀಡಿಂಗ್ ರೂಮಿನಲ್ಲಿ ನಾವು ಹತ್ತಾರು ಮಂದಿ ದಿನವಿಡೀ ಕೂತು ಓದುತ್ತೇವೆ. ಕೆಎಎಸ್, ಪಿಡಿಒ, ಪಿಎಸ್‌ಐ, ಎಫ್‌ಡಿಎ, ಯಾವ ಅಧಿಸೂಚನೆ ಬಂದರೂ ಸರಿ. ಸಂಜೆ ಐದಕ್ಕೆ ಚಹಾ ಕುಡಿಯಲು ಹೊರಗೆ ಬಂದಾಗ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುವುದು ನಮ್ಮ ರೂಢಿ. ತಪ್ಪು ಉತ್ತರ ಹೇಳಿದವರದ್ದೇ ಚಹಾದ ಖರ್ಚು.

2024ರ ಜುಲೈನ ಒಂದು ಸಂಜೆ ಸಂವಿಧಾನದ ಸರದಿ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ತಿದ್ದುಪಡಿ ಯಾವುದು? 61ನೆಯದು, ಜಾರಿಗೆ ಬಂದದ್ದು 1989ರಲ್ಲಿ. ವಯಸ್ಕ ಮತದಾನದ ವಿಧಿ? 326. ನಗರ ಸ್ಥಳೀಯ ಸಂಸ್ಥೆಗಳ ಅವಧಿ? 243 ಯು ವಿಧಿ, ಐದು ವರ್ಷ, ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ನಡೆದಿರಬೇಕು. ಒಬ್ಬರೂ ತಡವರಿಸಲಿಲ್ಲ. ಆಗ ಕಲಬುರಗಿ ಕಡೆಯ ಗೆಳೆಯನೊಬ್ಬ ತಮಾಷೆಗೆ, ‘ಅದೆಲ್ಲ ಇರ್ಲಿ, ಈಗ ಮೈಸೂರ ಮೇಯರ್ ಯಾರ್ರೀ?’ ಎಂದ.

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಒಬ್ಬಳು ಯಾವುದೋ ಹಳೆಯ ಹೆಸರು ಹೇಳಿ, ಅವಳೇ ಅನುಮಾನ ಪಟ್ಟಳು. ಕೊನೆಗೆ ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು, ಮೈಸೂರಿಗೆ ಮೇಯರೇ ಇಲ್ಲ! ಮಹಾನಗರ ಪಾಲಿಕೆಯ 65 ವಾರ್ಡ್‌ಗಳಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2018ರ ಆಗಸ್ಟ್ 31ರಂದು. ಗೆದ್ದವರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದಿತ್ತು. ಅಲ್ಲಿಂದ ಮುಂದೆ ಆಡಳಿತಾಧಿಕಾರಿಯ ಆಡಳಿತ. ಬೆಂಗಳೂರಿನ ಪಾಲಿಕೆಯ ಅವಧಿಯಂತೂ ಅದಕ್ಕೂ ಮೊದಲೇ, 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ನಾವು ಬಾಯಿಪಾಠ ಮಾಡಿದ ವಿಧಿ ನಾವು ಕೂತ ಊರಿನಲ್ಲೇ ಎಂಟು ತಿಂಗಳಿಂದ ಪಾಲನೆಯಾಗಿರಲಿಲ್ಲ. ದಿನಕ್ಕೆ ಎರಡು ಪತ್ರಿಕೆ ಓದುವ ನಮ್ಮಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಪ್ರಚಲಿತ ವಿದ್ಯಮಾನದ ನೋಟ್ಸಿಗೆ ಬೇಕಾದ್ದಕ್ಕೆ ಗೆರೆ ಎಳೆದು, ಸ್ಥಳೀಯ ಪುಟವನ್ನು ಮಡಚಿ ಇಡುವವರು ನಾವು. ಅವತ್ತು ಚಹಾದ ದುಡ್ಡು ಎಲ್ಲರೂ ಹಂಚಿಕೊಂಡು ಕೊಟ್ಟೆವು.

ಯುವಜನರಿಗೆ ರಾಜಕೀಯ ಎಂದರೆ ಅಸಡ್ಡೆ ಎಂದು ದೊಡ್ಡವರು ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ನೇಮಕಾತಿ ಅಧಿಸೂಚನೆ ತಡವಾದರೆ ಹ್ಯಾಷ್‌ಟ್ಯಾಗ್ ಹಾಕುವವರು, ವಯೋಮಿತಿ ಸಡಿಲಿಸಿ ಎಂದು ಬಿಸಿಲಲ್ಲಿ ನಿಂತು ಘೋಷಣೆ ಕೂಗುವವರು ನಾವೇ. ಸರ್ಕಾರದ ಮೇಲೆ ನಮಗೆ ಸಿಟ್ಟಿದೆ, ನಿರೀಕ್ಷೆಯೂ ಇದೆ. ಆದರೆ ‘ನೀವು ಎಲ್ಲಿಯ ಮತದಾರರು?’ ಎಂದು ಕೇಳಿದರೆ ತಡವರಿಸುತ್ತೇವೆ. ಹೆಸರು ಊರಿನ ಪಟ್ಟಿಯಲ್ಲಿ, ಬದುಕು ಮೈಸೂರಿನ ಪಿಜಿಯಲ್ಲಿ.

ನನ್ನದೇ ಕತೆ ಹೇಳಬೇಕು. ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. 2023ರ ಮೇ 10ರಂದು ವಿಧಾನಸಭೆ ಚುನಾವಣೆ ನಡೆದಾಗ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಸೆಮಿನಾರ್ ಇದೆ, ಬಸ್ಸು ತುಂಬಿರುತ್ತದೆ, ನನ್ನದೊಂದು ಮತದಿಂದ ಏನಾದೀತು ಎಂದು ಹಾಸ್ಟೆಲಿನಲ್ಲೇ ಉಳಿದೆ. ಸಂಜೆ ಅಜ್ಜಿಯ ಫೋನು ಬಂತು.

‘ಯಾಕವ್ವ ಬರ್ಲಿಲ್ಲ? ಬೂತಿನ ತಾವ ಎಲ್ಲ ನಿನ್ನೇ ಕೇಳೋರು.’

ಆಧಾರ್ ಕಾರ್ಡಿನ ಪ್ರಕಾರ ಅಜ್ಜಿ ಹುಟ್ಟಿದ್ದು 1940ರಲ್ಲಿ. 80 ದಾಟಿದವರು ಮನೆಯಿಂದಲೇ ಮತ ಹಾಕಬಹುದು ಎಂಬ ಅವಕಾಶ ಆ ಚುನಾವಣೆಯಲ್ಲಿತ್ತು. ಅಜ್ಜಿ ಒಪ್ಪಿರಲಿಲ್ಲ. ‘ಮನೇಲಿ ಕೂತ್ಕಂಡು ಹಾಕಿದ್ರೆ ಓಟು ಹಾಕ್ದಂಗೆ ಆಯ್ತದಾ?’ ಎಂದು ಕೋಲು ಊರಿಕೊಂಡು ಶಾಲೆಯವರೆಗೆ ನಡೆದುಹೋಗಿದ್ದರಂತೆ. ನಾನು ಸೆಮಿನಾರಿನ ನೆಪ ಹೇಳಿದೆ. ಅವರು ಬೈಯಲಿಲ್ಲ, ‘ಆಗ್ಲಿ ಬುಡು’ ಅಂದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಹಳ್ಳಿಗೂ ನಗರಕ್ಕೂ ಇರುವ ವ್ಯತ್ಯಾಸ ಆ ಒಂದು ಫೋನಿನಲ್ಲೇ ಇದೆ ಎಂದು ನನಗೆ ಆಮೇಲೆ ಹೊಳೆಯಿತು. ಊರಿನಲ್ಲಿ ನಾವು ಬಾರದಿದ್ದರೆ ಏಕೆ ಬರಲಿಲ್ಲ ಎಂದು ಕೇಳುವವರಿದ್ದಾರೆ. ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ಯಾರು ಕೇಳುತ್ತಾರೆ? 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ, ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳು ಶೇ 55 ಮುಟ್ಟಲಿಲ್ಲ. ಮೈಸೂರು ಜಿಲ್ಲೆಯೊಳಗೂ ಇದೇ ಕತೆ. ನಗರದ ಕ್ಷೇತ್ರಗಳು ಪಿರಿಯಾಪಟ್ಟಣ, ಹುಣಸೂರಿನಂಥ ಕಡೆಗಿಂತ ಹಿಂದೆಯೇ ಉಳಿಯುತ್ತವೆ.

ಇದು ಮೈಸೂರಿನಲ್ಲಿ ನಡೆಯುತ್ತಿದೆ ಎಂಬುದಕ್ಕೆ ನನಗೆ ಬೇಸರ ಹೆಚ್ಚು. ದೇಶದ ಮತದಾರರ ಎಡಗೈ ತೋರುಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲಿಯ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗು, ಬಣ್ಣ ತಯಾರಿಸಲು ಶುರುವಾದದ್ದು. 1962ರ ಮಹಾಚುನಾವಣೆಯಿಂದ ಅದರ ಶಾಯಿ ಬಳಕೆಗೆ ಬಂತು. (ಲೆಕ್ಕ ಹಾಕಿದರೆ ಅಜ್ಜಿ ಮೊದಲ ಬಾರಿ ಮತ ಹಾಕಿದ್ದೂ ಅದೇ ಚುನಾವಣೆಯಲ್ಲಿ ಇರಬೇಕು.) ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲೇ, ಪ್ರಜಾಪ್ರತಿನಿಧಿ ಸಭೆ ಸೇರಿದ ಊರಿದು. ಅಲ್ಲಿ ಕೂತವರು ಜಮೀನುದಾರರು, ವರ್ತಕರು. ನಮ್ಮಜ್ಜಿಯಂಥವರಿಗೆ ಅಲ್ಲಿ ಜಾಗ ಇರಲಿಲ್ಲ ಎಂಬುದೂ ನಿಜ. ಪುರಭವನಕ್ಕೆ ರಂಗಾಚಾರ್ಲು ಅವರ ಹೆಸರಿದೆ ಎಂಬುದನ್ನೂ ನಾವು ಪರೀಕ್ಷೆಗೆಂದೇ ಓದಿಕೊಂಡಿದ್ದೇವೆ.

2024ರ ಏಪ್ರಿಲ್ 26ರಂದು ನಾನು ಊರಿಗೆ ಹೋಗಿ ಮತ ಹಾಕಿದೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ನೆಪವೂ ಉಳಿದಿರಲಿಲ್ಲ ಅನ್ನಿ. ಆದರೆ ಮೇಯರ್ ಪ್ರಶ್ನೆಯ ಸಂಜೆ ಬೇರೆ ಚಿಂತೆ ಹತ್ತಿತು. ನಾನು ಕುಡಿಯುವ ನೀರು, ರಾತ್ರಿ ರೀಡಿಂಗ್ ರೂಮಿನಿಂದ ಪಿಜಿಗೆ ನಡೆಯುವ ರಸ್ತೆ, ಅದರ ದೀಪ, ಬೆಳಿಗ್ಗೆ ಬರುವ ಕಸದ ಗಾಡಿ ಎಲ್ಲ ಈ ಊರಿನದು. ಇಲ್ಲಿಗೆ ಬಂದು ನಾಲ್ಕನೇ ವರ್ಷ. ಆದರೂ ಯಾರಾದರೂ ಕೇಳಿದರೆ ‘ನಾನು ಇಲ್ಲಿಯವಳಲ್ಲ’ ಎನ್ನುತ್ತೇನೆ. ಪಾಲಿಕೆ ಚುನಾವಣೆಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯ ಆಧಾರದ ಮೇಲೆ. ಅಂದರೆ ನಾಳೆಯೇ ಚುನಾವಣೆ ನಡೆದರೂ ನಮ್ಮ ರೀಡಿಂಗ್ ರೂಮಿನ ಬಹುಪಾಲು ಮಂದಿಗೆ ಮತ ಇಲ್ಲ. ಓಟಿಲ್ಲದವರ ಪಿಜಿಗೆ ಅಭ್ಯರ್ಥಿ ಯಾಕೆ ಬರಬೇಕು? ಚುನಾವಣೆ ನಡೆಯದಿದ್ದರೆ ನಾವಾದರೂ ಯಾಕೆ ಕೇಳಬೇಕು?

ವಾಸ ಬದಲಾದವರು ನಮೂನೆ 8 ತುಂಬಬೇಕು. ಹೊಸದಾಗಿ ಸೇರುವವರಿಗೆ ನಮೂನೆ 6. ಮೊಬೈಲಿನಲ್ಲೇ ಆಗುತ್ತದೆ. 18 ತುಂಬುವವರು ಈಗ ಜನವರಿ 1ಕ್ಕೇ ಕಾಯಬೇಕಾಗಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೊದಲ ದಿನಗಳೂ ಅರ್ಹತಾ ದಿನಾಂಕಗಳೇ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ಹೊಸದಾಗಿ ಹೆಸರು ಸೇರಿಸುವಾಗ ಕಾಲೇಜಿನ ಮುಖ್ಯಸ್ಥರಿಂದ ದೃಢೀಕರಣ ಪತ್ರ ತಂದರೆ ಹಾಸ್ಟೆಲಿನ ವಿಳಾಸವನ್ನೇ ಕೊಡಬಹುದು. ನನಗೆ ತೊಡಕಾದದ್ದು ಪಿಜಿ. ಬಾಡಿಗೆ ಕರಾರು ಕೇಳಿದರೆ ಮಾಲೀಕರು, ‘ಇಲ್ಲೇ ಓಟರ್ ಐಡಿ ಮಾಡಿಸ್ಕೊಂಡು ನಾಳೆ ಮನೆ ನಂದೇ ಅಂದ್ರೆ?’ ಎಂದು ಗಾಬರಿಯಾದರು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೈಸೂರಿನ ವಿಳಾಸ ಇದ್ದದ್ದರಿಂದ ಬಚಾವಾದೆ. ಒಂದು ಬೆಳಿಗ್ಗೆ ಮತಗಟ್ಟೆ ಅಧಿಕಾರಿಯಾದ ಮೇಡಂ ಒಬ್ಬರು ಪರಿಶೀಲನೆಗೆ ಬಂದರು. ಈ ಮನೆಯಲ್ಲಿ ಹನ್ನೆರಡು ಹುಡುಗಿಯರಿದ್ದೀರಿ, ಅರ್ಜಿ ಹಾಕಿದ್ದು ನೀವೊಬ್ಬರೇ ಎಂದು ನಕ್ಕರು.

ಕಲಬುರಗಿಯ ಗೆಳೆಯ ಮಾತ್ರ ಒಪ್ಪಿಲ್ಲ. ಸಂಜೆ ಹೊತ್ತು ಅವನು ಫುಡ್ ಡೆಲಿವರಿ ಮಾಡುತ್ತಾನೆ. ಮತದಾನದ ದಿನ ವೇತನಸಹಿತ ರಜೆ ಎಂಬ ಕಾನೂನು ಅವನ ಆ್ಯಪಿಗೆ ತಾಗುವುದಿಲ್ಲ, ಹೋಗಿಬರಲು ಎರಡು ದಿನದ ದುಡಿಮೆ ಹೋಗುತ್ತದೆ. ಹಾಗೆಂದು ಹೆಸರನ್ನು ಇಲ್ಲಿಗೆ ತಂದರೆ ಊರಿನ ಪಂಚಾಯಿತಿ ಚುನಾವಣೆಯ ಮತ ತಪ್ಪುತ್ತದೆ. ಅಲ್ಲಿ ಅವನ ಚಿಕ್ಕಪ್ಪ ನಿಲ್ಲುವವರಿದ್ದಾರೆ. ಎರಡು ಕಡೆ ಹೆಸರಿರುವುದು ಕಾನೂನುಬಾಹಿರ. ಅವನಿಗೆ ನಾನು ಕೊಡುವ ಉತ್ತರ ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ. ಬಹುಶಃ ಊರಿನ ಮತವನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಹೋಗಿ ಹಾಕಿಬರುವುದು ಅವನಿಗೆ ಸರಿ. ಎರಡೂ ಕಡೆ ಇಲ್ಲದೆ ನಡುವೆ ನಿಂತಿರುವುದು ಮಾತ್ರ ಇಬ್ಬರಿಗೂ ಸರಿಯಲ್ಲ.

ಹೆಸರು ಬದಲಾದದ್ದನ್ನು ಅಜ್ಜಿಗೆ ಹೇಳುವುದು ನಮೂನೆ ತುಂಬಿದ್ದಕ್ಕಿಂತ ಕಷ್ಟವಾಯಿತು.

‘ಅಂದ್ರೆ, ಇಲ್ಲಿಂದ ನಿನ್ ಹೆಸ್ರು ತೆಗ್ದಾಕವ್ರಾ?’ ಎಂದರು. ಹೌದು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

‘ಅಲ್ಲಿ ಎಲೆಕ್ಷನ್ನು ಯಾವಾಗ?’

‘ಗೊತ್ತಿಲ್ಲ ಅಜ್ಜಿ. ಇನ್ನೂ ದಿನ ಇಟ್ಟಿಲ್ಲ.’

‘ಹಂಗಾರೆ ಕೇಳ್ಕಂಡು ಹೇಳು,’ ಎಂದು ಫೋನ್ ಇಟ್ಟರು.